ಎಲ್ಲವೂ ಸರಿಯಾಗಿರುವಾಗ ಅಪ್‌ಡೇಟ್ ಏಕೆ ಮಾಡಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಪ್ರತಿ ತಿಂಗಳೂ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ ಎಂದು ಕೇಳುತ್ತದೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿದೆ, ಡೇಟಾ ಮಾತ್ರ ಖರ್ಚಾಗುತ್ತದೆ. ಇದನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟರೆ ಏನಾದರೂ ತೊಂದರೆಯಿದೆಯೇ?

ಉತ್ತರ: ತೊಂದರೆಯಿದೆ, ಮತ್ತು ಅದು ಕಣ್ಣಿಗೆ ಕಾಣದಂತೆ ಬೆಳೆಯುವ ತೊಂದರೆ. ವಿಂಡೋಸ್‌ನಂಥ ದೊಡ್ಡ ತಂತ್ರಾಂಶದಲ್ಲಿ ಕೋಟ್ಯಂತರ ಸಾಲುಗಳ ಕೋಡ್ ಇರುವುದರಿಂದ ಅಲ್ಲಲ್ಲಿ ತಪ್ಪುಗಳು ಉಳಿದೇ ಇರುತ್ತವೆ. ಅವುಗಳಲ್ಲಿ ಕೆಲವು ಹೊರಗಿನವರು ಒಳನುಗ್ಗಲು ದಾರಿಯಾಗುತ್ತವೆ. ಮೈಕ್ರೋಸಾಫ್ಟ್ ಇವುಗಳ ದುರಸ್ತಿಯನ್ನು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೇ ಮಂಗಳವಾರ ಹೊರಬಿಡುತ್ತದೆ. ಅಮೆರಿಕದ ಬೆಳಗು ನಮಗೆ ರಾತ್ರಿಯಾದ್ದರಿಂದ ನಮ್ಮಲ್ಲಿ ಅನೇಕರಿಗೆ ಆ ಸೂಚನೆ ಕಾಣುವುದು ಬುಧವಾರದ ಹೊತ್ತಿಗೆ.

ಹೆಚ್ಚಿನವರು ಗಮನಿಸದ ಸಂಗತಿ ಇಲ್ಲಿದೆ. ದುರಸ್ತಿ ಹೊರಬಿದ್ದ ಮೇಲೆ ಅದನ್ನು ಹಾಕಿಕೊಳ್ಳದ ಕಂಪ್ಯೂಟರಿಗೆ ಅಪಾಯ ಮೊದಲಿಗಿಂತ ಹೆಚ್ಚುತ್ತದೆ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಲ್ಲ ಯಾರಿಗಾದರೂ ಯಾವ ಭಾಗ ಬದಲಾಗಿದೆ, ಅಂದರೆ ಬಿರುಕು ಎಲ್ಲಿತ್ತು ಎಂಬುದು ತಿಳಿದುಹೋಗುತ್ತದೆ. ಅಲ್ಲಿಯವರೆಗೆ ಕೆಲವರಿಗಷ್ಟೇ ಗೊತ್ತಿದ್ದ ಗುಟ್ಟು ಊರಿಗೆಲ್ಲ ಗೊತ್ತಾಗಿ, ನಿಮ್ಮ ಮನೆಯ ಬಾಗಿಲು ಮಾತ್ರ ಹಾಗೆಯೇ ತೆರೆದಿರುತ್ತದೆ.

2017ರಲ್ಲಿ ಆದದ್ದು ಇದೇ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್, ಕಂಪ್ಯೂಟರ್‌ಗಳು ಪರಸ್ಪರ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ದೋಷವೊಂದಕ್ಕೆ ದುರಸ್ತಿ ಕೊಟ್ಟಿತು. ಮರುತಿಂಗಳು ಅದೇ ದೋಷವನ್ನು ಬಳಸುವ ಸಾಧನ ಅಂತರಜಾಲದಲ್ಲಿ ಸೋರಿಕೆಯಾಯಿತು. ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಅದರ ಬಲದಿಂದ ಹರಡಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹಿಡಿದು, ಕಡತಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೆ ಹೋದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಪೆಟ್ಟು ತಿಂದವುಗಳಲ್ಲಿ ಹೆಚ್ಚಿನವು ವಿಂಡೋಸ್ 7ರವು, ಅಂದರೆ ಎರಡು ತಿಂಗಳ ಹಿಂದೆಯೇ ಮದ್ದು ಸಿಕ್ಕಿದ್ದವು. ಈ ಎರಡು ತಿಂಗಳ ಅಂತರವೇ ನನ್ನನ್ನು ಇಂದಿಗೂ ಕಾಡುವುದು.

ಅಪ್‌ಡೇಟ್‌ಗಳೇ ಕೆಲವೊಮ್ಮೆ ಕೆಡುಕು ಮಾಡುವುದಿಲ್ಲವೇ ಎಂದು ನೀವು ಕೇಳಬಹುದು. ಅದು ನ್ಯಾಯವಾದ ಮಾತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋಗಿ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಆ ತಂತ್ರಾಂಶ ದೊಡ್ಡ ಸಂಸ್ಥೆಗಳಲ್ಲಿ ಬಳಕೆಯಾಗುವಂಥದ್ದಾದ್ದರಿಂದ ಮನೆಯ ಕಂಪ್ಯೂಟರ್‌ಗಳಿಗೆ ಅದು ತಟ್ಟಲಿಲ್ಲ. ಆದರೂ ಮುಖ್ಯವಾದ ಕಡತಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿರಬೇಕು, ಪ್ರತಿ ಮಾಡಿದ ಕೂಡಲೇ ಅದರ ಕೇಬಲ್ ಬಿಚ್ಚಿಡಬೇಕು. ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ವಾನಾಕ್ರೈನಂಥವು ಬೀಗ ಹಾಕುತ್ತವೆ.

ಇನ್ನು ರೀಸ್ಟಾರ್ಟ್ ವಿಷಯ. ದಿನಾ ರಾತ್ರಿ ಶಟ್ ಡೌನ್ ಮಾಡುತ್ತೇನಲ್ಲ, ಮತ್ತೆ ರೀಸ್ಟಾರ್ಟ್ ಏಕೆ ಎಂಬುದು ಅನೇಕರ ಗೊಂದಲ. ಈಗಿನ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇರುವುದರಿಂದ, ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗದ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅದೇ ಎದ್ದು ಬರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿ, ಅಪ್ ಟೈಮ್ ಎಂದಿರುವಲ್ಲಿ ನೋಡಿ. ನಿನ್ನೆ ರಾತ್ರಿಯಷ್ಟೇ ಶಟ್ ಡೌನ್ ಮಾಡಿದ ಲ್ಯಾಪ್‌ಟಾಪ್ ತಾನು 23 ದಿನಗಳಿಂದ ಎಚ್ಚರವಾಗಿದ್ದೇನೆಂದು ಹೇಳುವುದನ್ನು ನಾನೇ ಕಂಡಿದ್ದೇನೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಆ ಲೆಕ್ಕ ಸೊನ್ನೆಗೆ ಬಂದು, ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಡೇಟಾ ಚಿಂತೆಯಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಸಂಪರ್ಕವನ್ನು ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ (ಅಂದರೆ ಡೇಟಾ ಮಿತಿಯುಳ್ಳದ್ದು) ಎಂದು ಗುರುತಿಸಿ, ವೈಫೈ ಸಿಕ್ಕಲ್ಲಿ ಅಪ್‌ಡೇಟ್ ಇಳಿಸಿಕೊಳ್ಳಿ. ಆಕ್ಟಿವ್ ಅವರ್ಸ್ ಎಂಬಲ್ಲಿ ನಿಮ್ಮ ಕೆಲಸದ ವೇಳೆ ನಮೂದಿಸಿದರೆ ಆ ಹೊತ್ತಿನಲ್ಲಿ ಅದು ತಾನಾಗಿಯೇ ರೀಸ್ಟಾರ್ಟ್ ಆಗುವುದಿಲ್ಲ. ಕರೆಂಟ್ ಹೋಗಿಬರುವ ಊರುಗಳಲ್ಲಿ ಡೆಸ್ಕ್‌ಟಾಪ್ ಇರುವವರು ಯುಪಿಎಸ್ ಇಲ್ಲದೆ ಅಪ್‌ಡೇಟ್ ಶುರುಮಾಡದಿರುವುದು ಒಳ್ಳೆಯದು. ವೆಬ್‌ಸೈಟ್ ನೋಡುವಾಗ ನಿಮ್ಮ ವಿಂಡೋಸ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂದು ಜಿಗಿದು ಬರುವ ಸಂದೇಶವನ್ನು ಮಾತ್ರ ಎಂದಿಗೂ ಒತ್ತಬೇಡಿ. ನಿಜವಾದ ಅಪ್‌ಡೇಟ್ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸಿಗುತ್ತದೆ.

ಅಪ್‌ಡೇಟ್ ಕೇಳದ ಕಂಪ್ಯೂಟರ್ ಆರೋಗ್ಯವಾಗಿದೆ ಎಂದೂ ತಿಳಿಯಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ನೋಂದಾಯಿಸಿಕೊಳ್ಳದ ಯಂತ್ರಗಳು ಸುಮ್ಮನಿರುವುದು ಅವುಗಳಿಗೆ ದುರಸ್ತಿ ಬರುವುದೇ ನಿಂತಿರುವುದರಿಂದ.

ನಮ್ಮ ಡಿಟಿಪಿ ಅಂಗಡಿಗಳವರ ಕಷ್ಟ ಬೇರೆಯೇ ಇದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ವರ್ಷಗಟ್ಟಲೆ ಮಾಡಿಟ್ಟ ಲಗ್ನಪತ್ರಿಕೆಗಳು, ಕರಪತ್ರಗಳು ಹೊಸ ವಿಂಡೋಸ್‌ನಲ್ಲಿ ತೆರೆಯುವುದಿಲ್ಲವೇನೋ ಎಂಬ ಅವರ ಭಯ ಸುಳ್ಳಲ್ಲ. ನನಗೆ ಪರಿಚಯದ ಅಂಗಡಿಯವರೊಬ್ಬರು ಹಳೆಯ ಯಂತ್ರವನ್ನು ಮುದ್ರಣಕ್ಕೆಂದೇ ಉಳಿಸಿಕೊಂಡು ಅದರ ಇಂಟರ್ನೆಟ್ ಕೇಬಲ್ ಕಿತ್ತುಹಾಕಿದ್ದಾರೆ. ಇಮೇಲ್, ವಾಟ್ಸ್‌ಆ್ಯಪ್, ಯುಪಿಐ ಲೆಕ್ಕವೆಲ್ಲ ಪಕ್ಕದ ಹೊಸ ಕಂಪ್ಯೂಟರಿನಲ್ಲಿ. ಗಿರಾಕಿ ತಂದ ಪೆನ್ ಡ್ರೈವ್ ಮೊದಲು ಅಲ್ಲಿ ತಪಾಸಣೆಯಾಗಿ, ಆಮೇಲಷ್ಟೇ ಹಳೆಯದಕ್ಕೆ ಹೋಗುತ್ತದೆ.