ಸದ್ದಿಲ್ಲದ ಬೀದೀಲಿ ಹೋಟ್ಲು ಯಾಕಿರಲ್ಲ

ಸಂಜೆ ಏಳೂವರೆ ಆಗಿರುತ್ತೆ, ಅಡುಗೆ ಮಾಡೋ ಮೂಡಿಲ್ಲ, ಇಲ್ಲೇ ಹತ್ರ ನಡ್ಕೊಂಡು ಹೋಗಿ ಏನಾದ್ರೂ ತಿಂದು ಬರೋಣ ಅಂತ ಚಪ್ಪಲಿ ಹಾಕ್ಕೊಂಡು ಹೊರಟ್ರೆ ಎರಡೂ ಕಡೆ ಬರೀ ಗೇಟು, ಕಾಂಪೌಂಡು, ಗೇಟೊಳಗಿಂದ ಬೊಗಳೋ ನಾಯಿ. ಇಪ್ಪತ್ತು ನಿಮಿಷ ನಡೆದು ಮೇನ್ ರೋಡಿಗೆ ಬಂದ್ರೆ ಅಲ್ಲಿ ಒಂದರ ಪಕ್ಕ ಒಂದು ಹೋಟ್ಲು, ಕೂರೋಕೆ ಜಾಗ ಇಲ್ಲ, ಕಾಯೋರು ಫುಟ್‌ಪಾತ್ ತುಂಬಾ. ಮಧ್ಯ ಖಾಲಿ, ಅಂಚಲ್ಲಿ ನೂಕುನುಗ್ಗಲು. ವ್ಯಾಪಾರ ಇದ್ದ ಕಡೆ ಹೋಟ್ಲು ಬರುತ್ತೆ ಬಿಡಿ ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಸ್ವಲ್ಪ ಕೆದಕಿ ನೋಡಿದ್ರೆ ಇದು ತಾನಾಗೇ ಆಗಿದ್ದಲ್ಲ, ಕಾಯ್ದೆ ಬರೆದು ಮಾಡಿದ್ದು, ಅದೂ ಹೆಚ್ಚೂಕಮ್ಮಿ ಕಳೆದ ನೂರು ನೂರಿಪ್ಪತ್ತು ವರ್ಷದಲ್ಲಿ.

ಅದಕ್ಕೂ ಮುಂಚೆ ಹೇಗಿತ್ತು ಅಂದ್ರೆ, ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೇ ಊರನ್ನ ಅಗೆದಾಗ ಮನೆಗಳ ಸಾಲಿನ ಮಧ್ಯೆಮಧ್ಯೆ ರಸ್ತೆಗೇ ಮುಖ ಮಾಡಿರೋ ಕಲ್ಲುಗಾರೆ ಕಟ್ಟೆಗಳು ಸಿಕ್ಕಿದ್ವು, ಕಟ್ಟೆಯೊಳಗೇ ದೊಡ್ಡ ಹೂಜಿಗಳನ್ನ ಹುಗಿದಿಟ್ಟಿದ್ರು. ರೋಮನ್ನರ ಕಾಲದ ದರ್ಶಿನಿ ಅನ್ನಿ ಬೇಕಾದ್ರೆ. ರೋಮ್‌ನಲ್ಲಿ ಬಹುಮಹಡಿ ಬಾಡಿಗೆ ಕಟ್ಟಡಗಳಲ್ಲಿ ಇದ್ದ ಬಡವರಿಗೆ ಸರಿಯಾದ ಅಡುಗೆಮನೆನೇ ಇರ್ಲಿಲ್ಲ, ಬೆಂಕಿ ಭಯ ಬೇರೆ, ಹಾಗಾಗಿ ಹೊರಗೆ ತಿನ್ನೋದು ಶೋಕಿ ಅಲ್ಲ, ಅದೇ ದಿನನಿತ್ಯದ ಊಟ. ಅಲ್ಲೂ ಸರ್ಕಾರಕ್ಕೆ ಇದನ್ನ ಕಂಡ್ರೆ ಆಗ್ತಿರ್ಲಿಲ್ಲ. ನೀರೋ, ವೆಸ್ಪೇಸಿಯನ್ ಥರದ ಚಕ್ರವರ್ತಿಗಳು ಹೋಟ್ಲಲ್ಲಿ ಕಾಳು, ಸೊಪ್ಪುಗಿಪ್ಪು ಬಿಟ್ಟು ಬೇಯಿಸಿದ್ದು ಬೇರೇನೂ ಮಾರಬಾರ್ದು ಅಂತ ಆಜ್ಞೆ ಹೊರಡಿಸಿದ್ರು. ಜನ ಗುಂಪು ಸೇರ್ತಾರೆ ಅನ್ನೋ ಹೆದರಿಕೆ ಅಂತ ಇತಿಹಾಸಕಾರರು ಹೇಳ್ತಾರೆ. ಒಬ್ಬರಾದ ಮೇಲೊಬ್ರು ಅದನ್ನೇ ಹೇಳ್ಬೇಕಾಯ್ತು ಅಂದ್ಮೇಲೆ ಯಾರೂ ಕೇಳಿರ್ಲಿಕ್ಕಿಲ್ಲ.

ಇನ್ನೊಂದು ಕಡೆ ಚೀನಾದ ತಾಂಗ್ ರಾಜರ ರಾಜಧಾನಿ ಛಾಂಗ್‌ಆನ್. ಅಲ್ಲಿ ಊರನ್ನೇ ಗೋಡೆ ಕಟ್ಟಿ ನೂರಕ್ಕೂ ಹೆಚ್ಚು ಕೇರಿಗಳಾಗಿ ಒಡೆದಿದ್ರು, ವ್ಯಾಪಾರಕ್ಕೆ ಅಂತ ಪೂರ್ವ, ಪಶ್ಚಿಮ ಎರಡು ಮಾರ್ಕೆಟ್ ಬೇರೆ, ಕತ್ತಲಾದ್ರೆ ನಗಾರಿ ಹೊಡೆದು ಕೇರಿ ಬಾಗಿಲು ಹಾಕೋರು. ಮುಂದೆ ಸೋಂಗ್ ರಾಜರ ಕಾಲಕ್ಕೆ ಕೈಫೆಂಗ್ ಊರಲ್ಲಿ ಈ ಕಟ್ಟು ಸಡಿಲ ಆಯ್ತು, ಅಂಗಡಿಗಳು ಬೀದಿಗೆ ಬಾಗಿಲು ತೆಗೆದ್ವು, ಊಟದಂಗಡಿಗಳು ಮಧ್ಯರಾತ್ರಿವರೆಗೂ ನಡೀತಿದ್ವು. ಅಂದ್ರೆ ಮನೆಗಳ ನಡುವೆ ಹೋಟ್ಲು ಬೇಕೋ ಬೇಡವೋ ಅನ್ನೋ ಜಗಳ ಸಾವಿರ ವರ್ಷ ಹಳೇದು.

ಈಗಿನ ರೂಪ ಬಂದಿದ್ದು ಝೋನಿಂಗ್ ಬಂದ ಮೇಲೆ, ಅಂದ್ರೆ ಊರಿನ ಮ್ಯಾಪ್ ಇಟ್ಕೊಂಡು ಇಲ್ಲಿ ವಾಸ, ಇಲ್ಲಿ ವ್ಯಾಪಾರ, ಇಲ್ಲಿ ಫ್ಯಾಕ್ಟರಿ ಅಂತ ಬಣ್ಣ ಹಚ್ಚೋದು. 1891ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಊರನ್ನ ವಲಯಗಳಾಗಿ ವಿಂಗಡಿಸಿತು, 1916ರಲ್ಲಿ ನ್ಯೂಯಾರ್ಕ್ ಇಡೀ ಊರಿಗೆ ಝೋನಿಂಗ್ ತಂತು. ಎಲ್ಲಾ ಹೊಗೆ, ಸದ್ದು, ಆರೋಗ್ಯದ ಹೆಸರಲ್ಲಿ. ಆದ್ರೆ ಇದರ ಬೇರಲ್ಲಿ ಬೇರೆ ಕಥೆನೂ ಇದೆ, 1885ರಲ್ಲೇ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಲ್ಲಿ ಬಟ್ಟೆ ಒಗೆಯೋ ಲಾಂಡ್ರಿಗಳು ರೈಲ್ವೆ ಹಳಿಯ ಒಂದೇ ಪಕ್ಕ ಇರ್ಬೇಕು ಅಂತ ಕಾನೂನು ಮಾಡಿದ್ರು, ಲಾಂಡ್ರಿ ನಡೆಸ್ತಿದ್ದೋರು ಚೀನೀಯರು. ತೊಂದ್ರೆ ನೀರಿಂದಾ, ಸೋಪಿಂದಾ, ಮನುಷ್ಯರಿಂದಾ ಅಂತ ನೀವೇ ಯೋಚ್ನೆ ಮಾಡಿ.

1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಯೂಕ್ಲಿಡ್ ಅನ್ನೋ ಊರಿನ ಕೇಸಲ್ಲಿ ಝೋನಿಂಗ್ ಸರಿ ಅಂತ ತೀರ್ಪು ಕೊಡ್ತು. ಆ ತೀರ್ಪಲ್ಲಿ ಒಂದು ಮಾತಿದೆ, ಒಳ್ಳೇ ವಸ್ತುನೂ ಇರಬಾರದ ಜಾಗದಲ್ಲಿದ್ರೆ ಉಪದ್ರವ ಆಗ್ಬಹುದು, ಹಿತ್ತಲಲ್ಲಿರ್ಬೇಕಾದ ಹಂದಿ ಪಡಸಾಲೆಗೆ ಬಂದಂಗೆ ಅಂತ. ಬೀದಿ ಮೂಲೆಯ ನಾಲ್ಕು ಟೇಬಲ್ಲಿನ ಹೋಟ್ಲು ಆವತ್ತಿಂದ ಪಡಸಾಲೆಗೆ ಬಂದ ಹಂದಿನೇ ಆಗೋಯ್ತು ಅಂತ ನನಗನ್ಸುತ್ತೆ. ಯುರೋಪಿನ ಮಾಡರ್ನ್ ವಾಸ್ತುಶಿಲ್ಪಿಗಳೂ 1933ರ ಸಭೆಯಲ್ಲಿ ನಗರಕ್ಕೆ ನಾಲ್ಕೇ ಕೆಲಸ ಅಂದ್ರು: ವಾಸ, ದುಡಿಮೆ, ಮನರಂಜನೆ, ಓಡಾಟ. ಮನೆ ಹತ್ರ ಕೂತು ಒಂದು ಹೊತ್ತು ತಿನ್ನೋದು ಇದರಲ್ಲಿ ಯಾವ ಖಾನೆಗೆ ಬರುತ್ತೋ ದೇವರಿಗೇ ಗೊತ್ತು.

ಇಂಗ್ಲೆಂಡಿನ ಲೆಚ್‌ವರ್ತ್ ಅನ್ನೋ ಗಾರ್ಡನ್ ಸಿಟಿದೂ, ಅಂದ್ರೆ ಮೊದಲೇ ಪ್ಲಾನ್ ಹಾಕಿ ಹಸಿರು ಬಿಟ್ಟು ಕಟ್ಟಿದ ಊರಿಂದೂ, ಮಜವಾಗಿದೆ. 1903ರಲ್ಲಿ ಶುರುವಾದ ಆ ಶಾಂತ ಊರಲ್ಲಿ ಪಬ್‌ಗೆ ಜಾಗ ಇರ್ಲಿಲ್ಲ, ಜನ ಎಲ್ಲಾದ್ರೂ ಕೂರ್ಬೇಕಲ್ಲ ಅಂತ 1907ರಲ್ಲಿ ಸ್ಕಿಟಲ್ಸ್ ಇನ್ ಅಂತ ಒಂದು ತೆಗೆದ್ರು, ನೋಡೋಕೆ ಪಬ್ಬು, ಒಳಗೆ ಹೆಂಡ ಮಾತ್ರ ಇಲ್ಲ.

ನಿಜವಾಗ್ಲೂ ಸಣ್ಣ ಹೋಟ್ಲಿನ ಕತ್ತು ಹಿಸುಕಿದ್ದು ಝೋನಿಂಗ್‌ಗಿಂತ ಪಾರ್ಕಿಂಗ್ ಅಂತ ನನ್ನ ಲೆಕ್ಕ. ಕಟ್ಟಡ ಕಟ್ಟಿದ್ರೆ ಇಷ್ಟು ಗಾಡಿಗೆ ಜಾಗ ಬಿಡ್ಲೇಬೇಕು ಅನ್ನೋ ರೂಲು 1923ರಲ್ಲಿ ಅಮೆರಿಕದ ಕೊಲಂಬಸ್ ಊರಲ್ಲಿ ಅಪಾರ್ಟ್‌ಮೆಂಟ್‌ಗೆ ಅಂತ ಬಂತು, ಆಮೇಲೆ ಎಲ್ಲಾದಕ್ಕೂ ಹಬ್ಬಿತು. ಅಲ್ಲಿನ ಎಷ್ಟೋ ಊರಲ್ಲಿ ಹೋಟ್ಲಿಗೆ 1000 ಚದರಡಿಗೆ 10 ಗಾಡಿ ಜಾಗ ಅಂತ ರೂಲು. ಒಂದು ಕಾರು ನಿಲ್ಲೋಕೆ, ತಿರುಗಿಸೋಕೆ ಎಲ್ಲಾ ಸೇರಿ 300 ಚದರಡಿ ಹಿಡಿದ್ರೂ ಹೋಟ್ಲಿನ ಮೂರು ಪಟ್ಟು ಜಾಗ ಬರೀ ಗಾಡಿಗೆ. ಮನೆಗಳ ನಡುವೆ ಅಷ್ಟು ಜಾಗ ಯಾರಪ್ಪನ ಮನೇಲಿರುತ್ತೆ? ನಡ್ಕೊಂಡು ಬರೋ ಗಿರಾಕಿಗೂ ಪಾರ್ಕಿಂಗ್ ಕೊಡು ಅಂದ್ರೆ ಹೋಟ್ಲು ಮೇನ್ ರೋಡಿಗೆ ಹೋಗದೆ ಇನ್ನೆಲ್ಲಿ ಹೋಗುತ್ತೆ. ಅಮೆರಿಕದ್ದೇ ಬಫಲೋ ಊರು 2017ರಲ್ಲಿ ಈ ರೂಲನ್ನ ಹೆಚ್ಚೂಕಮ್ಮಿ ಪೂರ್ತಿ ತೆಗೆದುಹಾಕ್ತು, ಆಮೇಲೆ ಬೇರೆ ಊರುಗಳೂ ಆ ದಾರಿ ಹಿಡಿದ್ವು.

ಅಲ್ಲಿನ ಹಳೇ ಏರಿಯಾಗಳಲ್ಲಿ ಮೂಲೇಲಿ ಒಂದೊಂದು ಅಂಗಡಿ ಉಳ್ಕೊಂಡಿರುತ್ತಲ್ಲ, ಅವು ರೂಲಿಗೆ ಮುಂಚಿನವು ಅಂತ ಬಿಟ್ಟಿರ್ತಾರೆ. ಆದ್ರೆ ಅದನ್ನ ಒಂದಷ್ಟು ಕಾಲ, ಕೆಲವು ಕಡೆ 6 ತಿಂಗಳು, ಕೆಲವು ಕಡೆ 1 ವರ್ಷ, ಮುಚ್ಚಿಟ್ರೆ ಆ ಹಕ್ಕು ಹೋಯ್ತು, ಮತ್ತೆ ತೆಗೆಯೋ ಹಾಗಿಲ್ಲ. ಹೀಗೆ ಒಂದೊಂದಾಗಿ ಸದ್ದಿಲ್ಲದೆ ಹೋಗ್ತಾವೆ.

ಹಾಗಂತ ಮನೆ ಪಕ್ಕ ಹೋಟ್ಲು ಬೇಡ ಅಂತ ದೂರೋರ್ದೆಲ್ಲಾ ತಪ್ಪು ಅನ್ನಲ್ಲ, ನಾನೇ ಕಣ್ಣಾರೆ ನೋಡಿದೀನಿ. ನಮ್ಮ ರಸ್ತೇಲಿ ಒಂದು ಮನೆಯ ಕೆಳಗಿನ ಭಾಗದಲ್ಲಿ ನಾಲ್ಕು ಟೇಬಲ್ ಹಾಕಿ ಶುರು ಮಾಡಿದ್ರು, ಮೊದಲ ತಿಂಗಳು ಎಲ್ರಿಗೂ ಖುಷಿ. ಆಮೇಲೆ ಜನ ಜಾಸ್ತಿಯಾಗಿ ಒಲೆ ದೊಡ್ಡದಾಯ್ತು, ಎಕ್ಸಾಸ್ಟ್ ಪೈಪನ್ನ ಪಕ್ಕದ ಮನೆ ಬೆಡ್‌ರೂಮ್ ಕಿಟಕಿ ಎದುರಿಗೇ ಬಿಟ್ರು. ಹೊಗೆ ಅಂತ ಜಾಸ್ತಿ ಕಾಣ್ತಿರ್ಲಿಲ್ಲ, ಎಣ್ಣೆ ಆವಿ, ಕಿಟಕಿ ಸರಳಿಗೆ ಬೆರಳಿಟ್ರೆ ಜಿಡ್ಡು ಅಂಟೋದು. ಫ್ಯಾನಿನ ಗುಂಯ್ ಅನ್ನೋ ಸದ್ದು ಬಾಗಿಲು ಹಾಕಿದ್ರೂ ಗೋಡೆಯಿಂದ ಬರೋದು. ರಾತ್ರಿ ಹತ್ತೂವರೆಗೆ ನೆಲ ತೊಳೆಯೋಕೆ ಕುರ್ಚಿ ಎಳೆಯೋ ಕರ್ರ್ ಶಬ್ದ ಅಂತೂ ಬೇಡ. ಆ ಪೈಪನ್ನ ಸೂರಿನ ಮೇಲಿನ ತನಕ ಏರಿಸಿ, ಒಳಗೆ ಜಿಡ್ಡು ಹಿಡಿಯೋ ಫಿಲ್ಟರ್ ಹಾಕಿದ್ದಿದ್ರೆ ಅರ್ಧ ಜಗಳ ಹೋಗ್ತಿತ್ತು, ಆದ್ರೆ ನಾಲ್ಕು ಟೇಬಲ್ಲಿನ ಗಳಿಕೇಲಿ ಅದಕ್ಕೆ ಕಾಸೆಲ್ಲಿ. ದೂರು ಹೋಯ್ತು, ವರ್ಷದೊಳಗೆ ಬಾಗಿಲು ಬಿತ್ತು.

ಇದಕ್ಕೆ ಜಪಾನಿನವರು ಹಿಡಿದಿರೋ ದಾರಿ ನನಗಿಷ್ಟ. ಅವರ ಅತಿ ಬಿಗಿಯಾದ ವಾಸದ ವಲಯದಲ್ಲೂ, ಅಂದ್ರೆ ತಗ್ಗು ಮನೆಗಳು ಮಾತ್ರ ಇರೋ ಕಡೆ, ಮನೆಗೆ ಸೇರಿದಂಗೆ ಸಣ್ಣ ಅಂಗಡಿ ಅಥವಾ ಊಟದ ಜಾಗ ಇಡ್ಬಹುದು, ಆದ್ರೆ 50 ಚದರ ಮೀಟರ್ ದಾಟಬಾರ್ದು, ಮನೆಯ ಅರ್ಧಕ್ಕಿಂತ ಕಮ್ಮಿ ಇರ್ಬೇಕು. ಇದಕ್ಕಿಂತ ಒಂದು ಮೆಟ್ಟಿಲು ಸಡಿಲ ಇರೋ ವಲಯದಲ್ಲಿ 150 ಚದರ ಮೀಟರ್‌ವರೆಗೆ. ಹೋಟ್ಲು ಹೌದೋ ಅಲ್ವೋ ಅಂತಲ್ಲ, ಎಷ್ಟು ದೊಡ್ಡದು ಅಂತ ಕೇಳ್ತಾರೆ. ಓನರ್ರು ಅಲ್ಲೇ ಮಲಗೋದಾದ್ರೆ ರಾತ್ರಿ ಹತ್ತೂವರೆಗೆ ಕುರ್ಚಿ ಎಳೆಯೋಕೆ ಅವರಿಗೂ ಮನಸ್ಸು ಬರಲ್ಲ. ಇಂಗ್ಲೆಂಡಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅಂಗಡಿ, ಆಫೀಸು, ಹೋಟ್ಲನ್ನೆಲ್ಲಾ ಒಂದೇ ಗುಂಪಿಗೆ ಸೇರಿಸಿದ್ರು, ಅಂಗಡಿಯನ್ನ ಹೋಟ್ಲು ಮಾಡೋಕೆ ಬೇರೆ ಪ್ಲಾನಿಂಗ್ ಪರ್ಮಿಷನ್ ಬೇಡ, ಆದ್ರೆ ಪಾರ್ಸೆಲ್ ಅಂಗಡಿ, ಪಬ್ಬು ಮಾತ್ರ ಆ ಗುಂಪಿನಿಂದ ಹೊರಗೆ.

ಈಗ ಡೆಲಿವರಿ ಆ್ಯಪ್‌ಗಳು ಬಂದು ಲೆಕ್ಕ ಇನ್ನೂ ತಲೆಕೆಳಗಾಗಿದೆ. ಟೇಬಲ್ ಇಲ್ಲ, ಬೋರ್ಡಿಲ್ಲ, ಯಾವುದೋ ಗೋಡೌನ್ ಹಿಂದೆ ಬರೀ ಅಡುಗೆಮನೆ, ಇದನ್ನ ಹೋಟ್ಲು ಅನ್ನೋದೋ ಫ್ಯಾಕ್ಟರಿ ಅನ್ನೋದೋ ಅಂತ ಆಫೀಸಿನವರೇ ತಲೆ ಕೆರ್ಕೊಳ್ತಾರೆ. ನಮ್ಮ ರಸ್ತೆಯ ಆ ಮನೇಲಿ ಎಕ್ಸಾಸ್ಟ್ ಪೈಪಿದ್ದ ತೂತನ್ನ ಮುಚ್ಚಿದಾರೆ, ಸಿಮೆಂಟಿನ ಬಣ್ಣ ಮಾತ್ರ ಇನ್ನೂ ಗೋಡೆಗೆ ಹೊಂದಿಲ್ಲ. ದೂರು ಕೊಟ್ಟವರ ಗೇಟ್ ಮುಂದೆ ರಾತ್ರಿ ಹತ್ತಕ್ಕೆ ಡೆಲಿವರಿ ಹುಡುಗ ಬೈಕ್ ಆಫ್ ಮಾಡದೇ ನಿಂತಿರ್ತಾನೆ, ಮನೆ ನಂಬರ್ ಸಿಗದೆ ಎರಡು ಸಲ ಹಾರ್ನ್ ಹೊಡೀತಾನೆ, ಪಕ್ಕದ ಮನೆ ನಾಯಿ ಬೊಗಳೋಕೆ ಶುರು ಮಾಡುತ್ತೆ.