ಕ್ಯಾಮೆರಾ ಫ್ಲಾಶ್‌ನಿಂದ ಇಎಂಪಿ ಆಗುತ್ತದೆಯೇ?

ಇಎಂಪಿ ಎಂದರೆ ಎಲೆಕ್ಟ್ರಾನಿಕ್ಸ್ ಕೆಡಿಸಬಲ್ಲ ವಿದ್ಯುತ್ಕಾಂತೀಯ ಹೊಡೆತ (ಪಲ್ಸ್). ಅದನ್ನು ಮನೆಯಲ್ಲೇ ಮಾಡಬಹುದೆಂದು ತೋರಿಸುವ ವಿಡಿಯೋಗಳಲ್ಲಿ, ಹಳೆಯ ಕ್ಯಾಮೆರಾದ ಫ್ಲಾಶ್ ಬೋರ್ಡಿಗೆ ಕೆಲವು ಸುತ್ತು ತಾಮ್ರದ ತಂತಿ (ಕಾಯಿಲ್) ಸೇರಿಸಿ, ಅಗ್ಗದ ಕ್ಯಾಲ್ಕುಲೇಟರ್‌ಗೆ ತಾಗುವಷ್ಟು ಹತ್ತಿರ ಹಿಡಿದರೆ ಪರದೆ ಖಾಲಿಯಾಗುತ್ತದೆ. ವಿಡಿಯೋ ಅಲ್ಲಿಗೇ ಮುಗಿಯುತ್ತದೆ. ಆನ್ ಗುಂಡಿ ಒತ್ತಿದರೆ ಕ್ಯಾಲ್ಕುಲೇಟರ್ ಮತ್ತೆ ಲೆಕ್ಕ ಮಾಡುತ್ತದೆ ಎಂಬುದನ್ನು ತೋರಿಸುವವರು ಕಡಿಮೆ. ಅಣುಸ್ಫೋಟದ ಇಎಂಪಿಗೂ ಈ ಆಟಕ್ಕೂ ಒಂದೇ ಹೆಸರು ಅಂಟಿಕೊಂಡಿರುವುದರಿಂದ, ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆ ಯಾವುದು ನಿಜ, ಯಾವುದು ಉತ್ಪ್ರೇಕ್ಷೆ ಎಂದು ತಿಳಿಯುವುದೇ ಕಷ್ಟವಾಗಿದೆ.

ವಿದ್ಯುತ್ ಕಿಡಿಯಿಂದ ರೇಡಿಯೋ ಅಲೆ ಹುಟ್ಟುತ್ತದೆ ಎಂದು ಹೈನ್‌ರಿಶ್ ಹರ್ಟ್ಸ್ 1887ರ ಸುಮಾರಿಗೆ ಜರ್ಮನಿಯಲ್ಲಿ ತೋರಿಸಿದ. ಕೋಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸ್ ಅಂಥ ಅಲೆಯಿಂದಲೇ ದೂರದ ಗಂಟೆ ಬಾರಿಸಿದರು. ಮುಂದೆ ಹಡಗುಗಳ ಸಂದೇಶಗಳು ವರ್ಷಗಟ್ಟಲೆ ಕಿಡಿಯ ಮೇಲೇ ಸಾಗಿದವು. ಆದರೆ ಒಂದು ಕಿಡಿ ಅಕ್ಕಪಕ್ಕದ ಎಲ್ಲರ ಸಂಪರ್ಕವನ್ನೂ ಕೆಡಿಸುತ್ತಿತ್ತು. 1927ರ ವಾಷಿಂಗ್ಟನ್ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ಅದನ್ನು ಹಂತಹಂತವಾಗಿ ಬಿಡಲು ತೀರ್ಮಾನಿಸಿತು. ಭಾರತದಲ್ಲಿ 1933ರ ಕಾಯ್ದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕೆಂದಿತು.

ಇಎಂಪಿಯ ಭಯ ಹುಟ್ಟಿದ್ದು 1962ರಲ್ಲಿ. ಆ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಅಣುಬಾಂಬ್ ಸಿಡಿಸಿತು. ಸ್ಟಾರ್‌ಫಿಶ್ ಪ್ರೈಮ್ ಎಂಬ ಆ ಪರೀಕ್ಷೆಯಿಂದ 1,400 ಕಿ.ಮೀ.ಗೂ ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು, ಕಳ್ಳರು ಬಂದರೆ ಎಚ್ಚರಿಸುವ ಅಲಾರಂಗಳು ಕೂಗಿಕೊಂಡವು. ಸ್ಫೋಟದ ಗಾಮಾ ಕಿರಣಗಳು ವಾತಾವರಣದ ಎಲೆಕ್ಟ್ರಾನ್‌ಗಳನ್ನು ಒಮ್ಮೆಲೇ ತಳ್ಳಿ, ಅವು ಭೂಮಿಯ ಕಾಂತಕ್ಷೇತ್ರದಲ್ಲಿ ತಿರುಗಿದ್ದರಿಂದ ಎದ್ದ ಪಲ್ಸ್ ಅದು. ಅಲ್ಲಿ ಆಂಟೆನಾ ಆಗಿದ್ದದ್ದು ಲಕ್ಷಾಂತರ ಚದರ ಕಿಲೋಮೀಟರ್ ಆಕಾಶ.

ಇನ್ನು ಮೇಜಿನ ಮೇಲಿನ ಸರ್ಕ್ಯೂಟ್‌ಗೆ ಬರೋಣ. 1980ರ ದಶಕದ ಕೊನೆಯಲ್ಲಿ ಬಂದ, ಒಮ್ಮೆ ಬಳಸಿ ಬಿಸಾಡುವ ಫ್ಲಾಶ್ ಕ್ಯಾಮೆರಾಗಳು ಹವ್ಯಾಸಿಗಳಿಗೆ ಬಹುತೇಕ ಪುಕ್ಕಟೆಯಾಗಿ ಹೈವೋಲ್ಟೇಜ್ ಬೋರ್ಡ್ ಕೊಟ್ಟವು. ಒಂದೂವರೆ ವೋಲ್ಟ್ ಸೆಲ್, ಪುಟ್ಟ ಟ್ರಾನ್ಸ್‌ಫಾರ್ಮರ್, ಒಂದು ಟ್ರಾನ್ಸಿಸ್ಟರ್, ಚಾರ್ಜ್ ಕೂಡಿಟ್ಟುಕೊಳ್ಳುವ 330 ವೋಲ್ಟ್‌ನ ಸುಮಾರು 120 ಮೈಕ್ರೋಫ್ಯಾರಡ್ ಕೆಪಾಸಿಟರ್. ಪೂರ್ತಿ ತುಂಬಿದಾಗ ಅದರಲ್ಲಿರುವುದು ಆರೂವರೆ ಜೂಲ್. ಒಂದು ಕೆ.ಜಿ. ಸಕ್ಕರೆಯನ್ನು ನೆಲದಿಂದ ಎರಡಡಿ ಎತ್ತಲು ಬೇಕಾಗುವಷ್ಟು ಶಕ್ತಿ, ಅಷ್ಟೇ.

ಶಕ್ತಿಗಿಂತ ದೊಡ್ಡ ತೊಡಕು ವೇಗದ್ದು. ಆ ಕೆಪಾಸಿಟರ್ 10 ಮೈಕ್ರೋಹೆನ್ರಿ ಕಾಯಿಲ್‌ಗೆ ಬಿಡುಗಡೆಯಾದರೆ ಕಂಪನ ಸುಮಾರು 4.6 ಕಿಲೋಹರ್ಟ್ಸ್. ಅದರ ಅಲೆಯುದ್ದ 65 ಕಿ.ಮೀ. ಅಂಗೈಯಗಲದ ಕಾಯಿಲ್ ಅಂಥ ಅಲೆಯನ್ನು ಹೊರಗೆ ಬಿಡಲಾರದು. ತನ್ನ ಸುತ್ತ ಒಂದು ಕಾಂತಕ್ಷೇತ್ರ ಕಟ್ಟಿ, ಕೆಡವುತ್ತದೆ ಅಷ್ಟೇ. ಎರಡು ಸೆಂ.ಮೀ. ಅಗಲದ ಕಾಯಿಲ್‌ನಿಂದ 2 ಸೆಂ.ಮೀ. ದೂರದಲ್ಲಿರುವ ಕ್ಷೇತ್ರ 20 ಸೆಂ.ಮೀ.ಗೆ ಹೋಗುವಷ್ಟರಲ್ಲಿ ಏಳುನೂರರಲ್ಲಿ ಒಂದು ಪಾಲಾಗಿರುತ್ತದೆ. ಕೆಪಾಸಿಟರ್ ಎರಡರಷ್ಟು ಮಾಡಿದರೂ ನಾಲ್ಕರಷ್ಟು ಮಾಡಿದರೂ ಈ ಇಳಿಜಾರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಇದು ಟ್ರಾನ್ಸ್‌ಫಾರ್ಮರ್‌ನ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ವಿದ್ಯುತ್ ದಾಟುವ ಕ್ರಿಯೆಯೇ ಹೊರತು ಬೇರೇನಲ್ಲ.

ಮೊಬೈಲ್ ಏಕೆ ಜಗ್ಗುವುದಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಅದರ ಚಿಪ್‌ಗಳ ಮೇಲೆ ಲೋಹದ ಮುಚ್ಚಳ, ಬೋರ್ಡಿನ ಒಳಗೆ ಇಡೀ ಪದರವೇ ಗ್ರೌಂಡ್, ತಂತಿಯ ಕುಣಿಕೆಗಳು ಮಿಲಿಮೀಟರ್ ಲೆಕ್ಕದವು. ಬೆರಳ ತುದಿಯಿಂದ ಹಾರುವ ಸ್ಥಿರವಿದ್ಯುತ್ತನ್ನು ತಾಳಲು ಇಂಥ ಉಪಕರಣಗಳನ್ನು 4 ಅಥವಾ 8 ಸಾವಿರ ವೋಲ್ಟ್‌ನ ಹೊಡೆತ ಕೊಟ್ಟು ಪರೀಕ್ಷಿಸುತ್ತಾರೆ. ಆ ಪಲ್ಸ್ ಒಂದು ನ್ಯಾನೋಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಫ್ಲಾಶ್ ಕಾಯಿಲ್‌ಗಿಂತ ಸಾವಿರಾರು ಪಟ್ಟು ಚುರುಕು.

ಪೆಟ್ಟು ಬೀಳುವುದು ಮಾಡುವವರಿಗೆ. ಸೆಲ್ ತೆಗೆದರೂ ಆ ಕೆಪಾಸಿಟರ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತುಂಬಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ರೂಢಿ ಕೆಟ್ಟದ್ದು: ತುದಿ ಕರಗುತ್ತದೆ, ಲೋಹದ ಕಣ ಕಣ್ಣಿಗೆ ಹಾರುತ್ತದೆ. 10 ಕಿಲೋಓಮ್, 5 ವ್ಯಾಟ್‌ನ ತಂತಿಸುತ್ತಿನ ರೆಸಿಸ್ಟರ್‌ಗೆ ಇನ್ಸುಲೇಶನ್ ಇರುವ ಕ್ಲಿಪ್ ಹಾಕಿ ಕೆಪಾಸಿಟರ್‌ನ ಎರಡು ಕಾಲಿಗೂ ಹತ್ತು ಸೆಕೆಂಡ್ ಹಿಡಿಯಬೇಕು. ಸಾಧಾರಣ ಕಾಲು ವ್ಯಾಟ್‌ನದ್ದು ಸಾಲದು, ಅದರ ವೋಲ್ಟೇಜ್ ಮಿತಿಯೇ 250ರ ಆಸುಪಾಸು. ಆಮೇಲೆ ಮಲ್ಟಿಮೀಟರ್‌ನಲ್ಲಿ ನೋಡಿ, ಎರಡು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಒಳಗಿನ ಪದರದಲ್ಲಿ ಉಳಿದ ಚಾರ್ಜ್ ಮೇಲೆದ್ದು ಬರುವುದುಂಟು. ಬೋರ್ಡ್ ಇಟ್ಟುಕೊಳ್ಳುವುದಾದರೆ 470 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸೆದು ಕೆಪಾಸಿಟರ್‌ಗೆ ಅಡ್ಡಲಾಗಿ ಶಾಶ್ವತವಾಗಿ ಹಾಕಿಬಿಡಿ, ಹತ್ತು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಫ್ಲಾಶ್ ಸಾಲದೆಂದು ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್‌ಗೆ ಕೈಹಾಕುವುದಂತೂ ಬೇಡವೇ ಬೇಡ: ಎರಡು ಸಾವಿರ ವೋಲ್ಟ್, ಜೀವ ತೆಗೆಯಲು ಸಾಕಾಗಿ ಮಿಗುವ ಕರೆಂಟ್. ಎರಡನೇ ಅವಕಾಶ ಇರುವುದಿಲ್ಲ.

ಇಷ್ಟೆಲ್ಲ ಕುತೂಹಲ ಇರುವವರಿಗೆ ನಿಜವಾದ ಪಲ್ಸ್ ಸಮಸ್ಯೆ ನಮ್ಮ ತೋಟಗಳಲ್ಲೇ ಇದೆ. ಮೊಬೈಲ್‌ನಿಂದ ಪಂಪ್‌ಸೆಟ್ ಚಾಲು ಮಾಡಲು ಆರ್ಡುಯಿನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಜೋಡಿಸಿಕೊಂಡವರು ಹೇಳುವ ದೂರು ಒಂದೇ: ಸ್ಟಾರ್ಟರ್ ಟಕ್ ಎಂದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ. ಸ್ಟಾರ್ಟರ್ ಒಳಗಿನ ವಿದ್ಯುತ್ಕಾಂತದ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಕಾಯಿಲ್ ಬಿಟ್ಟಾಗ ಏಳುವ ಕಿಡಿ, ಹರ್ಟ್ಸ್ ನೋಡಿದ ಕಿಡಿಯ ಜಾತಿಯದೇ, ಪಕ್ಕದ ಉದ್ದ ತಂತಿಗಳ ಮೇಲೇರಿ ಒಳಗೆ ಬರುತ್ತದೆ. ಮೇನ್ಸ್ ಪೂರ್ತಿ ತೆಗೆದು, 240 ವೋಲ್ಟ್ ಕಾಯಿಲ್‌ಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್‌ನ 275 ವೋಲ್ಟ್ ಎಕ್ಸ್2 (ಮೇನ್ಸ್‌ಗೆಂದೇ ಮಾಡಿದ) ಕೆಪಾಸಿಟರ್ ಎರಡನ್ನೂ ಸಾಲಾಗಿ ಹಾಕಬೇಕು. ಮೂರು ಫೇಸ್ ಸ್ಟಾರ್ಟರ್‌ಗಳಲ್ಲಿ ಕಾಯಿಲ್ 415 ವೋಲ್ಟ್‌ನದ್ದಾಗಿರುವುದು ಸಾಮಾನ್ಯ. ಅಲ್ಲಿ ಇದೇ ಕೆಪಾಸಿಟರ್ ಹಾಕಿದರೆ ಸಿಡಿಯಬಹುದು, ಹೆಚ್ಚಿನ ರೇಟಿಂಗ್‌ನದ್ದೇ ಬೇಕು. ಬೋರ್ಡಿನ ಕಡೆ ಚಿಕ್ಕ ರಿಲೇ ಕಾಯಿಲ್‌ಗೆ ಅಡ್ಡಲಾಗಿ, ತಲೆಕೆಳಗಾಗಿ (ಪಟ್ಟೆಯ ತುದಿ ಪ್ಲಸ್ ಕಡೆಗೆ) ಒಂದು 1ಎನ್4007 ಡಯೋಡ್, ಚಿಪ್‌ನ ಪ್ರತಿ ವಿದ್ಯುತ್ ಕಾಲಿನ ಬುಡದಲ್ಲಿ 100 ನ್ಯಾನೋಫ್ಯಾರಡ್ ಕೆಪಾಸಿಟರ್, ರೀಸೆಟ್ ಕಾಲನ್ನು ಪ್ಲಸ್‌ಗೆ ಕಟ್ಟುವ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್. ಸೆನ್ಸರ್ ತಂತಿಗಳನ್ನು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದರೆ ಮೊದಲು ಅವನ್ನು ಬೇರೆ ಮಾಡಿ, ಜೋಡಿಯಾಗಿ ಹುರಿ ಮಾಡಿ. ಬಹಳ ಕಡೆ ಇಷ್ಟರಿಂದಲೇ ರೀಸೆಟ್ ನಿಲ್ಲುತ್ತದೆ.