ಸಿಟ್ಟು ಎಲ್ಲರಿಗೂ ಇದೆ, ಮೊದಲು ಹೊರಡುವವರು ಯಾರು?

“ಮೊದಲು ಜನರಲ್ಲಿ ಅರಿವು ಮೂಡಿಸಬೇಕು.” ಆಡಳಿತ ಸುಧಾರಿಸಲು ಹೊರಟ ಯಾವ ಗುಂಪಿನ ಮೊದಲ ಸಭೆಯಲ್ಲೂ ಈ ಮಾತು ಬಂದೇ ಬರುತ್ತದೆ. ಎಲ್ಲರೂ ಹೌದೌದು ಅಂತ ತಲೆ ಆಡಿಸುತ್ತಾರೆ. ಕರಪತ್ರ, ಭಾಷಣ, ವಿಡಿಯೊ, ಮತ್ತಷ್ಟು ಭಾಷಣ. ಆರು ತಿಂಗಳಾದ ಮೇಲೆ ನೋಡಿದರೆ ಅರಿವು ಬೇಕಾದಷ್ಟು ಮೂಡಿರುತ್ತದೆ, ಕೆಲಸಕ್ಕೆ ಬರುವವರು ಮಾತ್ರ ಅದೇ ಐದು ಜನ. ಆಮೇಲೆ “ಈ ಜನರೇ ಸರಿ ಇಲ್ಲ” ಅಂತ ಒಂದು ತೀರ್ಪು.

ಜನರಿಗೆ ಏನೂ ಗೊತ್ತಿಲ್ಲ ಎಂಬ ಈ ನಂಬಿಕೆ ಕೇಳಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಅವರಿಗೆ ಗೊತ್ತು. ಸಿಟ್ಟೂ ಇದೆ. ಆದರೂ ಮನೆಯಲ್ಲೇ ಕೂತಿರುತ್ತಾರೆ. ಯಾಕೆ ಅನ್ನುವುದಕ್ಕೆ 1978ರಲ್ಲಿ ಮಾರ್ಕ್ ಗ್ರಾನೋವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಲೆಕ್ಕ ಕೊಟ್ಟರು. ಶಾಲೆಯ ಕೂಡಿಸುವ ಲೆಕ್ಕ ಬಂದರೆ ಸಾಕು, ಅರ್ಥವಾಗುತ್ತದೆ.

ಒಂದು ಚೌಕದಲ್ಲಿ 100 ಜನ ನಿಂತಿದ್ದಾರೆ ಅನ್ನಿ. ಪ್ರತಿಯೊಬ್ಬರ ಒಳಗೂ ಒಂದು ಹೊಸ್ತಿಲಿದೆ: “ಇಷ್ಟು ಜನ ಮುಂದೆ ಬಂದರೆ ನಾನೂ ಬರುತ್ತೇನೆ.” ಒಬ್ಬರ ಹೊಸ್ತಿಲು 0. ಯಾರು ಬರಲಿ ಬಿಡಲಿ, ಅವರು ಹೊರಡುವವರೇ. ಇನ್ನೊಬ್ಬರದು 1, ಮತ್ತೊಬ್ಬರದು 2, ಹೀಗೆ 99ರವರೆಗೆ. ಈಗ ಏನಾಗುತ್ತದೆ ನೋಡಿ. ಸೊನ್ನೆಯವರು ಹೆಜ್ಜೆ ಇಡುತ್ತಾರೆ. ಅವರನ್ನು ನೋಡಿ ಒಂದರವರು. ಇಬ್ಬರನ್ನು ನೋಡಿ ಎರಡರವರು. ಕೊನೆಗೆ ನೂರಕ್ಕೆ ನೂರು ಜನ ಬೀದಿಯಲ್ಲಿ.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಹೊಸ್ತಿಲು 1 ಇದ್ದವರನ್ನು ತೆಗೆದು, ಆ ಜಾಗದಲ್ಲಿ 2 ಇರುವವರನ್ನು ನಿಲ್ಲಿಸೋಣ. ಮಿಕ್ಕ 99 ಜನ ಅವರೇ. ಸೊನ್ನೆಯವರು ಮುಂದೆ ಬರುತ್ತಾರೆ, ಸುತ್ತ ನೋಡುತ್ತಾರೆ. ಯಾರೂ ಅಲ್ಲಾಡುವುದಿಲ್ಲ. ಒಬ್ಬರನ್ನು ನೋಡಿ ಹೊರಡುವವರು ಆ ಗುಂಪಿನಲ್ಲಿ ಯಾರೂ ಉಳಿದಿಲ್ಲ. ಅಲ್ಲಿಗೆ ಮುಗಿಯಿತು. ಮೊದಲ ಗುಂಪಿನಲ್ಲಿ 100, ಎರಡನೆಯದರಲ್ಲಿ 1.

ನನಗೆ ಈ ಲೆಕ್ಕದ ಹುಚ್ಚು ಹಿಡಿದದ್ದು ಇನ್ನೊಂದು ಸಣ್ಣ ಕಾರಣಕ್ಕೆ. ಎರಡೂ ಗುಂಪುಗಳ ಸರಾಸರಿ ತೆಗೆಯಿರಿ. ಮೊದಲನೆಯದು 49.5. ಎರಡನೆಯದು 49.51. ಯಾವ ಸಮೀಕ್ಷೆಯೂ ಈ ವ್ಯತ್ಯಾಸವನ್ನು ಹಿಡಿಯಲಾರದು. ಮರುದಿನದ ಪತ್ರಿಕೆಯಲ್ಲಿ ಮಾತ್ರ ಒಂದು ಗುಂಪು “ಕೆರಳಿದ ಜನಸಾಗರ”, ಇನ್ನೊಂದು “ಒಬ್ಬ ತಲೆಕೆಟ್ಟವನ ಗಲಾಟೆ” ಆಗಿರುತ್ತದೆ. ಗ್ರಾನೋವೆಟರ್ ಅವರೇ ಸುಮಾರು ಇದೇ ಚೇಷ್ಟೆಯ ಮಾತು ಬರೆದಿದ್ದರು. ನಾವು ಆದದ್ದನ್ನು ನೋಡಿ ಜನರ ಸ್ವಭಾವವನ್ನು ಅಳೆಯುತ್ತೇವೆ. ಕೈಕೊಟ್ಟದ್ದು ಏಣಿಯ ಒಂದು ಮೆಟ್ಟಿಲು ಅಷ್ಟೇ.

ಇದನ್ನೇ 12 ಜನರ ಗುಂಪಿಗೆ ಇಳಿಸಿ ನೋಡಿ. ಹೊಸ್ತಿಲುಗಳು ಹೀಗಿವೆ ಅನ್ನಿ: 0, 1, 1, 2, 3, 6, 6, 7, 8, 8, 9, 10. ಸೊನ್ನೆಯವರು ಹೊರಟರು, ಇಬ್ಬರು ಒಂದರವರು ಸೇರಿಕೊಂಡರು, ಎರಡು ಮತ್ತು ಮೂರರವರೂ ಬಂದರು. ಒಟ್ಟು ಐದು. ಮುಂದಿನವರಿಗೆ ಆರು ಜನ ಕಾಣಬೇಕು. ಕಾಣುತ್ತಿರುವುದು ಐದು. ಗಾಡಿ ಅಲ್ಲೇ ನಿಂತಿತು. “ಅದೇ ಐದು ಜನ” ಎಂಬ ಗೊಣಗಾಟ ಹುಟ್ಟುವುದು ಇಲ್ಲೇ. ಈಗ ಆರರವರಲ್ಲಿ ಒಬ್ಬರ ಹೊಸ್ತಿಲನ್ನು ಐದಕ್ಕೆ ಇಳಿಸಿ. ಅವರು ಬಂದರೆ ಆರು, ಇನ್ನೊಬ್ಬ ಆರರವರು ಬಂದರೆ ಏಳು, ಆಮೇಲೆ ಹನ್ನೆರಡೂ ಜನ ಸರಸರ ಬರುತ್ತಾರೆ. ಬೇಕಾದರೆ ಕಾಗದದ ಮೇಲೆ ಮಾಡಿ ನೋಡಿ. ಹನ್ನೆರಡು ಜನರಿಗೂ ಭಾಷಣ ಬೇಕಿರಲಿಲ್ಲ, ಒಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿದ್ದರೆ ಸಾಕಿತ್ತು.

ಆ ಅರ್ಧ ಗಂಟೆಯಲ್ಲಿ ಏನು ಮಾತಾಡಬೇಕು? ಧೈರ್ಯ ತುಂಬುವುದು ಬೇಡ. ಹೊಸ್ತಿಲು ಮನುಷ್ಯನ ಗುಣವಲ್ಲ, ಅದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಮೈಕ್ ಹಿಡಿಯಲು ಹೆದರುವವರು ಕಡತ ಓದಲು ಒಪ್ಪುತ್ತಾರೆ. ಹೆಸರು ಹಾಕಲು ಹಿಂಜರಿಯುವವರು ಹತ್ತು ಮನೆಗೆ ಕರಪತ್ರ ಹಂಚುತ್ತಾರೆ. ಕೇಳುವ ಕೆಲಸವನ್ನು ಚಿಕ್ಕದು ಮಾಡಿದರೆ ಹೊಸ್ತಿಲು ತಾನೇ ಇಳಿಯುತ್ತದೆ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಅಮೆರಿಕದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ. ಎಲ್ಲರಿಗೂ ಗೊತ್ತಿರುವ ಕಥೆ ಇಷ್ಟು: ದಣಿದಿದ್ದ, ಹೊಲಿಗೆ ಕೆಲಸದ ಕಪ್ಪು ಹೆಣ್ಣುಮಗಳು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಊರೇ ಎದ್ದಿತು. ಚಂದದ ಕಥೆ, ಅರ್ಧ ಸತ್ಯ. ಪಾರ್ಕ್ಸ್ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು. ಅದೇ 1955ರ ಬೇಸಿಗೆಯಲ್ಲಿ ಸಂಘಟಕರ ತರಬೇತಿಯನ್ನೂ ಮುಗಿಸಿ ಬಂದಿದ್ದರು. ಅದಕ್ಕೂ ಮುಂಚೆ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಇದೇ ಕಾರಣಕ್ಕೆ ಬಂಧನವಾಗಿದ್ದಳು. ಆಗ ಊರು ಏಳಲಿಲ್ಲ.

ಡಿಸೆಂಬರ್ 1, ಗುರುವಾರ ಪಾರ್ಕ್ಸ್ ಬಂಧನವಾಯಿತು. ಆ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ಸಹೋದ್ಯೋಗಿಯನ್ನೂ ಕರೆದುಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಒಂದು ಹಾಳೆಗೆ ಮೂರು ಕರಪತ್ರ ಬರುವ ಹಾಗೆ ಸ್ಟೆನ್ಸಿಲ್ ಕತ್ತರಿಸಿದರು. ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಕರಪತ್ರ ಕಟ್ಟುಕಟ್ಟಾಗಿ ಸಿದ್ಧ. ಯಾವ ಕಟ್ಟು ಯಾವ ಶಾಲೆಗೆ, ಯಾವ ಅಂಗಡಿಗೆ ಹೋಗಬೇಕು ಅನ್ನುವುದನ್ನು ಅವರ ಮಹಿಳಾ ಸಂಘ ತಿಂಗಳುಗಳ ಹಿಂದೆಯೇ ಯೋಚಿಸಿ ಇಟ್ಟಿತ್ತು.

ಕರಪತ್ರದಲ್ಲಿ ಕೇಳಿದ್ದಾದರೂ ಏನು? ಸೋಮವಾರ ಬಸ್ ಹತ್ತಬೇಡಿ. ಒಂದು ದಿನ, ಅಷ್ಟೇ! ವರ್ಷವಿಡೀ ನಡೆಯಿರಿ ಅಂದಿದ್ದರೆ ಎಷ್ಟು ಜನ ಒಪ್ಪುತ್ತಿದ್ದರೋ. ಸೋಮವಾರ ಬೆಳಿಗ್ಗೆ ಖಾಲಿ ಬಸ್ಸುಗಳು ಬೀದಿ ಬೀದಿಯಲ್ಲಿ ಓಡಿದವು. ಊರಿನ ಪ್ರತಿ ಕಿಟಕಿಗೂ ಅವು ಕಂಡವು. “ನಾನೊಬ್ಬಳೇ ಅಲ್ಲ” ಅನ್ನುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಸಂಜೆ ಚರ್ಚಿನಲ್ಲಿ ಸಾವಿರಾರು ಜನ ಸೇರಿ ಮುಂದುವರಿಸೋಣ ಅಂದರು. ಬೇಡಿಕೆಗಳೂ ಮೊದಲಿಗೆ ಪುಟ್ಟವೇ: ಮರ್ಯಾದೆಯಿಂದ ನಡೆಸಿಕೊಳ್ಳಿ, ಮೊದಲು ಬಂದವರಿಗೆ ಸೀಟು ಕೊಡಿ, ಕಪ್ಪು ಜನರೇ ಜಾಸ್ತಿ ಇರುವ ಮಾರ್ಗಗಳಿಗೆ ಕಪ್ಪು ಚಾಲಕರನ್ನು ನೇಮಿಸಿ. ಅದು ಬೆಳೆದು 381 ದಿನ ನಡೆಯಿತು.

ಕಾಣುವುದು ಎಷ್ಟು ಮುಖ್ಯವೋ, ಕಂಡದ್ದು ನಂಬುವ ಹಾಗಿರುವುದೂ ಅಷ್ಟೇ ಮುಖ್ಯ. ಬ್ರಿಟನ್ನಿನ ಚಾರ್ಟಿಸ್ಟ್ ಚಳವಳಿಗೆ ಇದು ಸರಿಯಾಗಿ ಹೊಡೆತ ಕೊಟ್ಟಿತು. ಎಲ್ಲ ಗಂಡಸರಿಗೂ ಮತದಾನದ ಹಕ್ಕು ಕೇಳಿ 1848ರಲ್ಲಿ ಅವರು ಸಂಸತ್ತಿಗೆ ಮನವಿ ತಂದರು. 57 ಲಕ್ಷ ಸಹಿ ಇದೆ ಅಂದರು. ಗುಮಾಸ್ತರು ಕೂತು ಎಣಿಸಿ 20 ಲಕ್ಷಕ್ಕೂ ಕಮ್ಮಿ ಅಂದರು. ಜೊತೆಗೆ ಅದರಲ್ಲಿ “ವಿಕ್ಟೋರಿಯಾ ರೆಕ್ಸ್” ಅಂತ ರಾಣಿಯ ಸಹಿ, ಸೇನಾಧಿಪತಿ ಡ್ಯೂಕ್ ಆಫ್ ವೆಲಿಂಗ್ಟನ್ ಸಹಿ, “ಪಗ್‌ನೋಸ್” (ಮೊಂಡು ಮೂಗಿನವ) ಅನ್ನುವವರ ಸಹಿ! ಸಂಸತ್ತು ಬಿದ್ದು ಬಿದ್ದು ನಕ್ಕಿತು. ನಿಜವಾಗಿ ಸಹಿ ಹಾಕಿದ ಲಕ್ಷಾಂತರ ಕಾರ್ಮಿಕರೂ ಆ ನಗೆಯಲ್ಲಿ ಮುಚ್ಚಿಹೋದರು. (ಅವರ ಆರು ಬೇಡಿಕೆಗಳಲ್ಲಿ ಐದು ಮುಂದೆ ಕಾನೂನಾದವು. ವರ್ಷಕ್ಕೊಮ್ಮೆ ಚುನಾವಣೆ ಎಂಬ ಆರನೆಯದು ಮಾತ್ರ ಆಗಲಿಲ್ಲ, ಸದ್ಯ.) ಪುಕ್ಕಟೆ ಸಹಿ ಯಾರ ಹೊಸ್ತಿಲನ್ನೂ ಇಳಿಸುವುದಿಲ್ಲ. ಇವತ್ತು ಮೊಬೈಲಿನಲ್ಲಿ ಒತ್ತುವ ಸಹಿಗೂ ಅದೇ ಗತಿ.

ಹಾಗಾದರೆ ಯಾವ ಮಾತುಕತೆ ಕೆಲಸ ಮಾಡುತ್ತದೆ? ಇದಕ್ಕೆ ಪ್ರಯೋಗಗಳೇ ನಡೆದಿವೆ. 1998ರಲ್ಲಿ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ರಾಜ್ಯಶಾಸ್ತ್ರಜ್ಞರು ಅಮೆರಿಕದ ನ್ಯೂ ಹೇವನ್‌ನಲ್ಲಿ ಮತದಾರರನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಗುಂಪು ಮಾಡಿದರು. ಮತ ಹಾಕಿ ಅಂತ ಕೇಳಲು ಕೆಲವರ ಮನೆ ಬಾಗಿಲಿಗೆ ಹೋದರು, ಕೆಲವರಿಗೆ ಅಂಚೆ ಕಳಿಸಿದರು, ಕೆಲವರಿಗೆ ಫೋನ್ ಮಾಡಿಸಿದರು. ಬಾಗಿಲಲ್ಲಿ ನಿಂತು ಮಾತಾಡಿದ್ದು ಚೆನ್ನಾಗಿ ಫಲಿಸಿತು. ಅಂಚೆಯಿಂದ ಅಲ್ಪಸ್ವಲ್ಪ. ದುಡ್ಡು ಕೊಟ್ಟು ಮಾಡಿಸಿದ ಫೋನ್ ಕರೆಗಳು ಪ್ರಯೋಜನಕ್ಕೆ ಬರಲಿಲ್ಲ. 2006ರಲ್ಲಿ ಮಿಷಿಗನ್‌ನಲ್ಲಿ ಇನ್ನೂ ಖಾರದ ಪ್ರಯೋಗ ನಡೆಯಿತು. ನೀವು, ನಿಮ್ಮ ನೆರೆಹೊರೆಯವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದಿರೋ ಇಲ್ಲವೋ ಎಂಬ ಪಟ್ಟಿಯನ್ನೇ ಮನೆಗೆ ಕಳಿಸಿದರು. (ಅಲ್ಲಿ ಅದು ಸಾರ್ವಜನಿಕ ದಾಖಲೆ.) ಯಾವ ಪತ್ರವೂ ಬಾರದವರಲ್ಲಿ ಮತದಾನ ಶೇ. 29.7, ಈ ಪಟ್ಟಿ ಬಂದವರಲ್ಲಿ ಶೇ. 37.8. ಪತ್ರ ಬಂದವರಿಗೆ ಉರಿದು ಹೋಗಿರಬೇಕು. ಫಲಿಸುತ್ತದೆ ಅಂತ ಎಲ್ಲವನ್ನೂ ಮಾಡಬೇಕಿಲ್ಲ ಅಲ್ವಾ. ನಾನಂತೂ ಅಂಥ ಪತ್ರ ಕಳಿಸುವ ಗುಂಪಿಗೆ ಸೇರುವುದಿಲ್ಲ.

ಇನ್ನು “ದೇಶದ ಶೇ. 3.5 ಜನ ಬೀದಿಗೆ ಬಂದರೆ ಗೆಲುವು ಖಚಿತ” ಎಂಬ ಮಂತ್ರ. ಇದನ್ನು ಹೇಳಿದ, ಚಳವಳಿಗಳ ಅಧ್ಯಯನ ಮಾಡುವ ಅಮೆರಿಕದ ಎರಿಕಾ ಚೆನೊವೆತ್ ಅವರೇ ಇದು ಹಳೆಯ ಚಳವಳಿಗಳಲ್ಲಿ ಕಂಡದ್ದು, ಮುಂದಿನದಕ್ಕೆ ಗ್ಯಾರಂಟಿ ಅಲ್ಲ ಅಂತ ಆಮೇಲೆ ತಿಳಿಸಿ ಹೇಳಿದ್ದಾರೆ. ಬಹ್ರೇನ್‌ನಲ್ಲಿ ಅಷ್ಟು ಜನ ಸೇರಿಯೂ ಸೋತರು.

ಬಂದವರನ್ನು ಉಳಿಸಿಕೊಳ್ಳುವುದು ಬೇರೆಯೇ ತಲೆನೋವು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ 19ನೇ ಶತಮಾನದ ಕೊನೆಯಲ್ಲೇ ಜನರಿಂದ ಹಗ್ಗ ಎಳೆಸಿ ನೋಡಿದ್ದ. ಎಂಟು ಜನ ಒಟ್ಟಿಗೆ ಎಳೆದಾಗ, ಒಬ್ಬೊಬ್ಬರೇ ಎಳೆದ ಬಲದ ಮೊತ್ತದಲ್ಲಿ ಅರ್ಧದಷ್ಟೇ ಬಂತು. 1974ರಲ್ಲಿ ಇನ್ನೊಂದು ತಂಡ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಸುಮ್ನೆ ಎಳೆಯುವ ನಾಟಕ ಆಡುವವರನ್ನು ನಿಲ್ಲಿಸಿತು. ಹಿಂದೆ ಜನ ಇದ್ದಾರೆ ಎಂಬ ನಂಬಿಕೆಯಷ್ಟಕ್ಕೇ ಮುಂದಿನವರ ಎಳೆತ ಸಡಿಲವಾಯಿತು. “ಎಲ್ಲರೂ ಸೇರಿ ಮಾಡೋಣ” ಅಂತ ಸಭೆ ಮುಗಿಸುವ ಗುಂಪುಗಳಲ್ಲಿ ಆಗುವುದೂ ಇದೇ. ಪ್ರತಿ ಕೆಲಸದ ಮುಂದೆ ಒಂದು ಹೆಸರು, ಒಂದು ತಾರೀಖು ಇರಬೇಕು.

ಹೊಸ್ತಿಲಿನ ಲೆಕ್ಕ ಹಿಂದಕ್ಕೂ ಓಡುತ್ತದೆ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಬಿಡುವುದು ಸುಲಭ. ಮಾಂಟ್ಗೊಮರಿಯಲ್ಲಿ ಇದಕ್ಕೆಂದೇ ವಾರಕ್ಕೆರಡು ಸಭೆ ನಡೆಯುತ್ತಿತ್ತು. ಸುಮಾರು 300 ಕಾರುಗಳು ಜನರನ್ನು ಕೆಲಸಕ್ಕೆ ಬಿಟ್ಟು ಬರುತ್ತಿದ್ದವು. ಆ ಕಾರುಗಳ ಏರ್ಪಾಟು ಅವರ ಸ್ವಂತ ಬುದ್ಧಿಯೇನಲ್ಲ. 1953ರಲ್ಲಿ ಅಮೆರಿಕದ ಇನ್ನೊಂದು ಊರಾದ ಬ್ಯಾಟನ್ ರೂಜ್‌ನಲ್ಲಿ ಇಂಥದ್ದೇ ಬಹಿಷ್ಕಾರ ನಡೆಸಿದವರನ್ನು ಕೇಳಿ ತಿಳಿದುಕೊಂಡದ್ದು.

ನಿಮ್ಮ ಗುಂಪು ಐದರಲ್ಲೇ ನಿಂತಿದ್ದರೆ, ಹೊರಗುಳಿದವರನ್ನು “ಯಾಕೆ ಬರಲಿಲ್ಲ” ಅಂತ ಕೇಳಬೇಡಿ. ಅದಕ್ಕೆ ನೆಪವೇ ಉತ್ತರವಾಗಿ ಬರುತ್ತದೆ. “ಇನ್ನು ಯಾರು ಬಂದರೆ ನೀವು ಬರುತ್ತೀರಿ?” ಅಂತ ಕೇಳಿ. ಕೆಲವರು “ಒಂದಿಪ್ಪತ್ತು ಜನ ಆದರೂ ಇರಲಿ” ಅನ್ನುತ್ತಾರೆ. ಅವರನ್ನು ಸದ್ಯಕ್ಕೆ ಬಿಡಿ. ಜಾಸ್ತಿ ಜನ ಸಂಖ್ಯೆ ಹೇಳುವುದಿಲ್ಲ, ಒಂದು ಹೆಸರು ಹೇಳುತ್ತಾರೆ. ಗ್ರಾನೋವೆಟರ್ ಕೂಡ ತಮ್ಮ ಲೆಕ್ಕದಲ್ಲಿ ಅಪರಿಚಿತರಿಗಿಂತ ಸ್ನೇಹಿತರಿಗೆ ಹೆಚ್ಚಿನ ತೂಕ ಕೊಟ್ಟು ನೋಡಿದ್ದರು. ಮೂರು ನಾಲ್ಕು ಜನ ಒಂದೇ ಹೆಸರು ಹೇಳಿದರೆ, ಮುಂದಿನ ಕರಪತ್ರ ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಬನ್ನಿ.